ನೇವಿಯಲ್ಲಿ ರಿಯಾಕ್ಟರ್ ನಡೆಸಿ ಬಂದವರಿಗೆ

ಹೋದ ತಿಂಗಳು ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಮೈಸೂರಿನವರು, ಅಮೆರಿಕಕ್ಕೆ ಬಂದು ಇಪ್ಪತ್ತೈದು ವರ್ಷವಾಗಿದೆ. ಇಲ್ಲೇ ಹುಟ್ಟಿದ ಮಗ ಅಮೆರಿಕದ ನೇವಿ ಸೇರಿ, ಸಬ್‌ಮರೀನಿನಲ್ಲಿ ರಿಯಾಕ್ಟರ್ ನಡೆಸಿ, ಆರು ವರ್ಷ ಮುಗಿಸಿ ಹೊರಬಂದಿದ್ದಾನೆ. "ಎಕ್ವಿಪ್‌ಮೆಂಟ್ ಆಪರೇಟರ್ ಕೆಲಸ ಕೊಡ್ತೀವಿ ಅಂದಿದ್ದಾರೆ ಸರ್. ವಾಲ್ವ್ ತಿರುಗಿಸೋ ಕೆಲಸವಂತೆ. ರಿಯಾಕ್ಟರನ್ನೇ ನಡೆಸಿದವನಿಗೆ ಇದಾ?" ಅಂದರು.

ನಾನು ಇಲ್ಲಿನ ಅಣುವಿದ್ಯುತ್ ಸ್ಥಾವರದಲ್ಲಿ ಆಪರೇಟರ್‌ಗಳಿಗೆ ಪಾಠ ಹೇಳುವವನು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ನೇವಿಯ ಹುಡುಗರ ಮೇಲೆ ನನಗೆ ತುಂಬಾ ಪ್ರೀತಿ. ಹೇಳಿದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಂಡೇ ಸ್ವಿಚ್ ಮುಟ್ಟುತ್ತಾರೆ. ರಾತ್ರಿ ಪಾಳಿಗೆ ಗೊಣಗುವುದಿಲ್ಲ. ಆದರೆ ನೇವಿಯ ಕ್ವಾಲಿಫಿಕೇಶನ್ನೇ ಲೈಸೆನ್ಸ್ ಅಂದುಕೊಂಡು ಬರುತ್ತಾರೆ.

ಅದು ಲೈಸೆನ್ಸ್ ಅಲ್ಲ. ಅಮೆರಿಕ ಸರ್ಕಾರದ ಅಣುಶಕ್ತಿ ನಿಯಂತ್ರಣ ಸಂಸ್ಥೆ ಎನ್‌ಆರ್‌ಸಿ ಕೊಡುವ ಆಪರೇಟರ್ ಲೈಸೆನ್ಸ್ ಡ್ರೈವಿಂಗ್ ಲೈಸೆನ್ಸ್ ಥರವೂ ಅಲ್ಲ, ಬೆಂಗಳೂರಲ್ಲಿ ಮಾಡಿಸಿ ಬೆಳಗಾವಿಯಲ್ಲಿ ಓಡಿಸುವುದಕ್ಕೆ. ಯಾವ ಸ್ಥಾವರಕ್ಕೆ ಪರೀಕ್ಷೆ ಬರೆದಿರೋ ಅಲ್ಲಿಗೆ ಮಾತ್ರ ಅದು. ಅವಧಿ 6 ವರ್ಷ, ಆದರೆ ಆ ಕಂಪನಿಯ ಕೆಲಸ ಬಿಟ್ಟರೆ ಅವತ್ತೇ ಮುಗಿಯಿತು. ಹದಿನೈದು ವರ್ಷ ಸೀನಿಯರ್ ಆಪರೇಟರ್ ಆಗಿದ್ದ ನನ್ನ ಸಹೋದ್ಯೋಗಿಯೊಬ್ಬರು ಬೇರೆ ಸ್ಥಾವರಕ್ಕೆ ಹೋದಾಗ ಮತ್ತೆ ನೋಟ್‌ಬುಕ್ ಹಿಡಿದು ಕ್ಲಾಸಿನಲ್ಲಿ ಕೂತರು. ಅವರಿಗೇ ಇಲ್ಲದ ವಿನಾಯಿತಿ ನೇವಿಯಿಂದ ಬಂದವರಿಗೆ ಎಲ್ಲಿಂದ ಬರಬೇಕು?

ಯಾಕಿಷ್ಟು ಕಟ್ಟುನಿಟ್ಟು ಅಂತ ಸಿಮ್ಯುಲೇಟರ್‌ನಲ್ಲಿ, ಅಂದರೆ ತರಬೇತಿಯ ನಕಲಿ ಕಂಟ್ರೋಲ್ ರೂಮಿನಲ್ಲಿ, ತಾನೇ ಗೊತ್ತಾಗುತ್ತದೆ. ರಿಯಾಕ್ಟರ್‌ನ ನೀರಿನ ಒತ್ತಡ ಕಾಯುವ ಟ್ಯಾಂಕ್ ಪ್ರೆಷರೈಸರ್. ಅದರ ಮೇಲ್ಗಡೆ ಒಂದು ಸೋರಿಕೆ ಕೊಡುತ್ತೇನೆ. ಒತ್ತಡ ಇಳಿಯುತ್ತದೆ, ತುರ್ತು ಪಂಪುಗಳು ತಾವೇ ಶುರುವಾಗಿ ನೀರು ತುಂಬುತ್ತವೆ. ಪ್ರೆಷರೈಸರ್‌ನ ನೀರಿನ ಮಟ್ಟ ಮಾತ್ರ ಏರುತ್ತಾ ಹೋಗುತ್ತದೆ. ನೇವಿಯಿಂದ ಬಂದವನ ಕಣ್ಣು ಆ ಮಟ್ಟದ ಮೇಲೇ ನೆಡುತ್ತದೆ. ಅದು ಪೂರ್ತಿ ತುಂಬಿ 'ಸಾಲಿಡ್' ಆಗಲೇಬಾರದು ಅಂತ ಅವನಿಗೆ ಅರೆದು ಕುಡಿಸಿರುತ್ತಾರೆ. ಕೈ ಮೆಲ್ಲಗೆ ಪಂಪಿನ ಸ್ವಿಚ್ಚಿಗೆ ಹೋಗುತ್ತದೆ. ನಾನು ಅಲ್ಲೇ ನಿಲ್ಲಿಸುತ್ತೇನೆ. ಸೋರಿಕೆ ಮೇಲ್ಗಡೆ ಇದ್ದಾಗ ಆ ಮಟ್ಟ ಏರಿದರೂ ರಿಯಾಕ್ಟರ್‌ನಲ್ಲಿ ನೀರು ಕಡಿಮೆಯಾಗುತ್ತಿರಬಹುದು.

1979ರ ಮಾರ್ಚ್ 28ರ ಬೆಳಗಿನ ಜಾವ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಆಗಿದ್ದೂ ಇದೇ. ಕಂಟ್ರೋಲ್ ರೂಮಿನಲ್ಲಿದ್ದವರು ನೇವಿಯಲ್ಲಿ ಪಳಗಿದವರು. ಮಟ್ಟ ಏರುತ್ತಿದೆ ಅಂತ ತುರ್ತು ಪಂಪುಗಳ ನೀರು ತಗ್ಗಿಸಿದರು. ಒಂದು ವಾಲ್ವ್ ತೆರೆದೇ ಉಳಿದು, ನೀರೆಲ್ಲ ಅಲ್ಲಿಂದ ಹೋಗುತ್ತಿತ್ತು. ಇಂಧನದ ಸುಮಾರು ಅರ್ಧ ಭಾಗ ಕರಗಿತು. ಅವರದ್ದೊಂದೇ ತಪ್ಪು ಅಂತ ಹೇಳಲಾರೆ. ಪ್ಯಾನೆಲ್ಲಿನ ದೀಪ ವಾಲ್ವ್ ಮುಚ್ಚಿದೆ ಅನ್ನುವ ಹಾಗೆ ತೋರಿಸುತ್ತಿತ್ತು, ತರಬೇತಿಯೂ ಸಾಲದಾಗಿತ್ತು.

ಒಲೆ ಆರಿಸಿದ ಮೇಲೂ ಕೆಂಡ ಸುಡುತ್ತದೆ ಅಲ್ವಾ? ರಿಯಾಕ್ಟರೂ ಹಾಗೆಯೇ. ಸಬ್‌ಮರೀನಿನದ್ದು ಸಣ್ಣ ಒಲೆ. ನಮ್ಮಲ್ಲಿ 3,000 ಮೆಗಾವ್ಯಾಟ್ ಶಾಖದ ರಿಯಾಕ್ಟರ್ ನಿಂತ ಕ್ಷಣವೂ ಹತ್ತಿರ ಹತ್ತಿರ 200 ಮೆಗಾವ್ಯಾಟ್ ಶಾಖ ಬರುತ್ತಿರುತ್ತದೆ. ಕೈಗಾದ ಒಂದು ಘಟಕ ಪೂರ್ತಿ ಓಡುವಾಗ ಕೊಡುವ ವಿದ್ಯುತ್ತೇ 220 ಮೆಗಾವ್ಯಾಟ್. ಒಂದು ಗಂಟೆ ಕಳೆದರೂ ನಮ್ಮಲ್ಲಿ 40ರ ಆಸುಪಾಸು ಉಳಿದಿರುತ್ತದೆ. ಅದಕ್ಕೆ ನೀರು ತಪ್ಪುವ ಹಾಗಿಲ್ಲ.

ಹಾಗಂತ ಎಲ್ಲರೂ ವಾಲ್ವ್‌ನಿಂದಲೇ ಶುರುಮಾಡಬೇಕು ಅಂತಲೂ ಇಲ್ಲ. ಅಧಿಕಾರಿಗಳಾಗಿದ್ದವರನ್ನು, ಪಾಳಿ ಮೇಲ್ವಿಚಾರಣೆ ಮಾಡಿದವರನ್ನು ಕೆಲವು ಕಂಪನಿಗಳು ನೇರವಾಗಿ ಸೀನಿಯರ್ ಲೈಸೆನ್ಸ್ ಕ್ಲಾಸಿಗೆ ತೆಗೆದುಕೊಳ್ಳುತ್ತವೆ. ಕಂಪನಿಯಿಂದ ಕಂಪನಿಗೆ ನಿಯಮ ಬೇರೆ, ಬಾಯಿಮಾತು ನಂಬದೆ ಬರವಣಿಗೆಯಲ್ಲಿ ಕೇಳಿ. ಆ ಕ್ಲಾಸೂ ಒಂದೂವರೆ ವರ್ಷದಷ್ಟು ಹಿಡಿಯುತ್ತದೆ.

"ಮಗನಿಗೇ ಫೋನ್ ಕೊಡಿ" ಅಂದೆ.

"ನೇವಿ ತರಬೇತಿಯ ಪ್ರೊಟೊಟೈಪ್ ರಿಯಾಕ್ಟರಲ್ಲಿ ಕ್ವಾಲಿಫೈ ಆಗಿಯೇ ಸಬ್‌ಮರೀನಿಗೆ ಹೋದೆ ಅಲ್ವಾ? ಹೋದ ದಿನವೇ ರಿಯಾಕ್ಟರ್ ಮುಟ್ಟೋಕೆ ಬಿಟ್ರಾ?"

"ಇಲ್ಲ ಅಂಕಲ್. ಟಾರ್ಚ್ ಹಿಡ್ಕೊಂಡು ಒಂದೊಂದು ಪೈಪೂ ಹುಡುಕಿ, ನೋಡದೆ ಚಿತ್ರ ಬರೆದು, ಸಹಿ ಹಾಕಿಸ್ಕೊಂಡು... ಎಲ್ಲ ಮೊದಲಿಂದ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಎಕ್ವಿಪ್‌ಮೆಂಟ್ ಆಪರೇಟರ್‌ಗೆ ಪ್ಲಾಂಟ್ ಪೂರ್ತಿ ಓಡಾಡೋಕೆ ಬಿಡ್ತಾರಾ ಅಂಕಲ್?"