ಪೈಥಾನ್‌ನಲ್ಲಿ ಕೊನೆಯ ಮಾತು ಯಾರದು? ಮೂರು ದಶಕಗಳ ಚರ್ಚೆಯ ಹಿನ್ನೆಲೆ

2025ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.14ನೇ ಆವೃತ್ತಿಯ ಜೊತೆಗೆ, ಒಂದು ಹೊತ್ತಿಗೆ ಒಂದೇ ಥ್ರೆಡ್‌ಗೆ (ಕೆಲಸದ ಎಳೆಗೆ) ಓಡಲು ಬಿಡುವ ‘ಗಿಲ್’ ಎಂಬ ಬೀಗವಿಲ್ಲದ ಪೈಥಾನ್‌ಗೆ ಮೊದಲ ಬಾರಿ ಅಧಿಕೃತ ಬೆಂಬಲ ದೊರೆಯಿತು. ಒಂದೇ ಪ್ರೋಗ್ರಾಮಿನೊಳಗಿನ ಹಲವು ಥ್ರೆಡ್‌ಗಳು ಪ್ರೊಸೆಸರಿನ ಬೇರೆ ಬೇರೆ ಕೋರ್‌ಗಳಲ್ಲಿ ನಿಜವಾಗಿಯೂ ಏಕಕಾಲಕ್ಕೆ ಓಡುವುದು ಇದರಿಂದ ಸಾಧ್ಯವಾಗಿದೆ. ಈ ಬೀಗವನ್ನು ತೆಗೆದುಹಾಕುವ ಮೊದಲ ಗಂಭೀರ ಪ್ರಯತ್ನ ನಡೆದದ್ದು 1990ರ ದಶಕದ ಉತ್ತರಾರ್ಧದಲ್ಲಿ. ನಡುವೆ ಕಾಲು ಶತಮಾನವೇ ಕಳೆದುಹೋಗಿದೆ. ಈ ವಿಳಂಬಕ್ಕೆ ತಾಂತ್ರಿಕ ಕಾರಣಗಳಿದ್ದವು ಎಂಬುದು ನಿಜವಾದರೂ, ಅಷ್ಟರಿಂದಲೇ ಕಥೆ ಪೂರ್ತಿಯಾಗುವುದಿಲ್ಲ. ಲಕ್ಷಾಂತರ ಜನ ದಿನವೂ ಬಳಸುವ, ಯಾವ ಕಂಪನಿಯ ಸ್ವತ್ತೂ ಅಲ್ಲದ ಒಂದು ಭಾಷೆಯನ್ನು ಬದಲಾಯಿಸಬೇಕಾದಾಗ ‘ಆಗಲಿ’ ಎಂದು ಹೇಳುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯೂ ಅಷ್ಟೇ ಕಾಲ ಅದರ ಡೆವಲಪರ್‌ಗಳನ್ನು ಕಾಡಿತ್ತು.

ಆರಂಭದಲ್ಲಿ ಉತ್ತರ ಸರಳವಾಗಿತ್ತು. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದ್ದ ಖಿಡೋ ವಾನ್ ರೋಸಮ್, 1989ರ ಕ್ರಿಸ್‌ಮಸ್ ರಜೆಯಲ್ಲಿ ಈ ಭಾಷೆಯ ಕೆಲಸ ಆರಂಭಿಸಿ, 1991ರ ಫೆಬ್ರುವರಿಯಲ್ಲಿ ಅದರ ಕೋಡನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಹಂಚಿದರು. ಭಾಷೆ ಅವರದು, ತೀರ್ಮಾನವೂ ಅವರದು. ಬಳಕೆದಾರರು ಬೆಳೆದಂತೆ ಅವರಿಗೆ ಒಂದು ಬಿರುದೂ ಅಂಟಿಕೊಂಡಿತು: ‘ಆಜೀವ ಹಿತಚಿಂತಕ ಸರ್ವಾಧಿಕಾರಿ’. 1990ರ ದಶಕದ ನಡುವೆ ಸ್ನೇಹದ ಮಾತಾಗಿ ಹುಟ್ಟಿದ ಈ ಬಿರುದಿನಲ್ಲಿ ಒಂದು ವಾಸ್ತವವಿತ್ತು. ಎಲ್ಲರೂ ಮಾತನಾಡಬಹುದು, ಎಲ್ಲರೂ ಕೋಡ್ ಕಳುಹಿಸಬಹುದು, ಆದರೆ ವಾದ ಮುಗಿಯದಿದ್ದಾಗ ಮುಗಿಸುವವರು ಒಬ್ಬರೇ.

ಇದರ ಅಪಾಯವೂ ಬೇಗನೆ ಅರಿವಿಗೆ ಬಂದಿತ್ತು. 1994ರಲ್ಲಿಯೇ ಒಬ್ಬ ಬಳಕೆದಾರರು, ಖಿಡೋ ಅವರಿಗೆ ಬಸ್ಸು ಡಿಕ್ಕಿ ಹೊಡೆದರೆ ಪೈಥಾನ್‌ನ ಗತಿಯೇನು ಎಂಬ ಪ್ರಶ್ನೆಯನ್ನು ಬಹಿರಂಗವಾಗಿ ಮುಂದಿಟ್ಟರು. ಕೇಳಲು ಒರಟೆನಿಸಿದರೂ ಕಾಳಜಿಯಿಂದ ಹುಟ್ಟಿದ ಪ್ರಶ್ನೆ ಅದು. ತಮ್ಮ ಕೆಲಸವನ್ನು ಈ ಭಾಷೆಯ ಮೇಲೆ ಕಟ್ಟಲು ಹೊರಟವರಿಗೆ ಅದು ಒಬ್ಬ ವ್ಯಕ್ತಿಯ ಹೆಗಲ ಮೇಲೆ ಮಾತ್ರ ನಿಂತಿದೆಯೇ ಎಂದು ತಿಳಿಯಬೇಕಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸುಮಾರು ಇಪ್ಪತ್ತು ಜನ ಸೇರಿ ಮೊದಲ ಪೈಥಾನ್ ಕಾರ್ಯಾಗಾರ ನಡೆಸಿದರು. 2001ರಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪನೆಯಾಯಿತು. ಹಕ್ಕುಸ್ವಾಮ್ಯ ಮತ್ತು ಹಣಕಾಸಿನ ಹೊಣೆ ಈ ಸಂಸ್ಥೆಯದಾಯಿತು, ಭಾಷೆಯ ಸ್ವರೂಪ ಕುರಿತ ತೀರ್ಮಾನ ಮಾತ್ರ ಖಿಡೋ ಅವರಲ್ಲೇ ಉಳಿಯಿತು.

ನನ್ನ ದೃಷ್ಟಿಯಲ್ಲಿ ಈ ಅವಧಿಯ ಅತ್ಯಂತ ಮಹತ್ವದ ಬೆಳವಣಿಗೆ 2000ದಲ್ಲಿ ಜಾರಿಗೆ ಬಂದ ‘ಪೆಪ್’ ಪದ್ಧತಿ. ಪೆಪ್ ಎಂದರೆ ಪೈಥಾನ್ ಸುಧಾರಣೆಯ ಲಿಖಿತ ಪ್ರಸ್ತಾವ. ಭಾಷೆಯಲ್ಲಿ ಬದಲಾವಣೆ ಬೇಕೆನ್ನುವವರು ಏನು ಬದಲಾಗಬೇಕು, ಏಕೆ ಬದಲಾಗಬೇಕು, ಅದರಿಂದ ಹಳೆಯ ಕೋಡಿಗೆ ಏನಾಗುತ್ತದೆ ಎಂಬುದನ್ನಲ್ಲದೆ, ತಾವು ಪರಿಶೀಲಿಸಿ ಕೈಬಿಟ್ಟ ಬೇರೆ ಮಾರ್ಗಗಳು ಯಾವುವು ಎಂಬುದನ್ನೂ ಬರೆದು ಕೊಡಬೇಕು. ತಿರಸ್ಕೃತ ಪ್ರಸ್ತಾವಗಳನ್ನೂ ಅಳಿಸಿಹಾಕದೆ ಕಾರಣಸಹಿತ ಕಾಪಾಡಲಾಗುತ್ತದೆ. ಹೀಗಾಗಿ ಇಪ್ಪತ್ತು ವರ್ಷಗಳ ಹಿಂದೆ ಒಂದು ವಿಚಾರಕ್ಕೆ ಯಾರು ಏಕೆ ‘ಬೇಡ’ ಎಂದರು ಎಂಬುದನ್ನು ಇಂದು ಯಾವ ವಿದ್ಯಾರ್ಥಿಯಾದರೂ ಓದಿ ತಿಳಿಯಬಹುದು. ಮಾತು ಗಾಳಿಗೆ ಹೋಗದಂತೆ ಹಿಡಿದಿಟ್ಟ ಈ ಶಿಸ್ತು ಮುಂದಿನ ಎಲ್ಲ ಬಿಕ್ಕಟ್ಟುಗಳಲ್ಲೂ ಸಮುದಾಯಕ್ಕೆ ಆಸರೆಯಾಯಿತು.

ಬರೆದಿಟ್ಟ ಮಾತ್ರಕ್ಕೆ ಒಮ್ಮತ ಮೂಡುವುದಿಲ್ಲ ಎಂಬುದಕ್ಕೆ 308ನೇ ಪೆಪ್ ಸಾಕ್ಷಿ. ಷರತ್ತಿಗೆ ತಕ್ಕಂತೆ ಎರಡು ಮೌಲ್ಯಗಳಲ್ಲಿ ಒಂದನ್ನು ಒಂದೇ ಸಾಲಿನಲ್ಲಿ ಆರಿಸಿಕೊಳ್ಳುವ ಸೌಲಭ್ಯ ಬೇಕೆಂಬುದು ಅದರ ಬೇಡಿಕೆ. 2003ರಲ್ಲಿ ಖಿಡೋ ಇದನ್ನು ಸಮುದಾಯದ ಮತಕ್ಕೆ ಹಾಕಿದರು. ಹತ್ತಾರು ರೂಪಗಳು ಸೂಚಿತವಾದವು, ಮತಗಳು ಹಂಚಿಹೋದವು, ಯಾವುದಕ್ಕೂ ಸ್ಪಷ್ಟ ಬಹುಮತ ಸಿಗದೆ ವಿಷಯ ನೆನೆಗುದಿಗೆ ಬಿತ್ತು. ಅಷ್ಟರಲ್ಲಿ ಪ್ರೋಗ್ರಾಮರ್‌ಗಳು ‘ಮತ್ತು’, ‘ಅಥವಾ’ ಪದಗಳನ್ನು ಜೋಡಿಸಿ ಒಂದು ಅಡ್ಡದಾರಿ ಕಂಡುಕೊಂಡಿದ್ದರು. ಆದರೆ ನಡುವಿನ ಮೌಲ್ಯ ಸೊನ್ನೆಯಾದರೆ ಆ ದಾರಿ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತಿತ್ತು. ಅಂಥ ದೋಷವೊಂದು ಪತ್ತೆಯಾದ ಮೇಲೆ, 2005ರಲ್ಲಿ ಖಿಡೋ ತಾವೇ ಒಂದು ರೂಪವನ್ನು ಆರಿಸಿ ಚರ್ಚೆಗೆ ತೆರೆ ಎಳೆದರು. ಮತದಾನ ಬಿಡಿಸಲಾರದ ಗಂಟನ್ನು ಒಬ್ಬರ ತೀರ್ಮಾನ ಬಿಡಿಸಿತು, ಮತ್ತು ಹೆಚ್ಚಿನವರು ಅದನ್ನು ಒಪ್ಪಿಕೊಂಡರು. ಸರ್ವಾಧಿಕಾರಿ ಎಂಬ ಮಾತಿನ ಹಿಂದಿದ್ದ ವಿಶ್ವಾಸ ಎಷ್ಟು ಗಟ್ಟಿಯಾಗಿತ್ತು ಎಂಬುದು ಇಲ್ಲಿ ಕಾಣುತ್ತದೆ.

ಆ ವಿಶ್ವಾಸವನ್ನು ಹೆಚ್ಚು ಸವೆಸಿದ್ದು ಪೈಥಾನ್ 3. ಹಳೆಯ ಕೋಡ್ ಹಾಗೆಯೇ ಓಡದ ಈ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂತು. ಪೈಥಾನ್ 2ಕ್ಕೆ 2015ರಲ್ಲಿ ಮುಗಿಯಬೇಕಿದ್ದ ಬೆಂಬಲವನ್ನು 2020ರವರೆಗೆ ವಿಸ್ತರಿಸಬೇಕಾಯಿತು. ಅಂದಿನಿಂದ ಪ್ರತಿ ಬದಲಾವಣೆಯ ಪ್ರಸ್ತಾವವನ್ನೂ ಜನ ಅನುಮಾನದಿಂದ ನೋಡತೊಡಗಿದ್ದು ಸಹಜವೇ.

2018ರಲ್ಲಿ ಬಂದದ್ದು 572ನೇ ಪೆಪ್. ಹೊರಗಿನವರಿಗೆ ಕ್ಷುಲ್ಲಕವೆನಿಸಬಹುದಾದ ಈ ಪ್ರಸ್ತಾವವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಫೈಲಿನಿಂದ ತುಣುಕು ತುಣುಕಾಗಿ ಓದುತ್ತಾ ಹೋಗುವ ಪ್ರೋಗ್ರಾಮನ್ನು ಊಹಿಸಿಕೊಳ್ಳಿ. ಮೊದಲು ಒಂದು ತುಣುಕನ್ನು ಓದಿ ಅದಕ್ಕೊಂದು ಹೆಸರು ಕೊಡಬೇಕು, ಅದು ಖಾಲಿಯೇ ಎಂದು ಪರೀಕ್ಷಿಸಬೇಕು, ಕೆಲಸ ಮುಗಿಸಿ ಮತ್ತೆ ಮುಂದಿನ ತುಣುಕನ್ನು ಓದಿ ಅದೇ ಹೆಸರಿಗೆ ತುಂಬಬೇಕು. ಓದುವ ಸಾಲನ್ನು ಹೀಗೆ ಎರಡು ಕಡೆ ಬರೆಯಬೇಕಾಗುತ್ತಿತ್ತು. ಹೆಸರು ಕೊಡುವುದನ್ನೂ ಪರೀಕ್ಷಿಸುವುದನ್ನೂ ಒಂದೇ ಸಾಲಿನಲ್ಲಿ ಮಾಡಲು := ಎಂಬ ಹೊಸ ಚಿಹ್ನೆ ಇರಲಿ ಎಂಬುದು ಪ್ರಸ್ತಾವದ ಸಾರ. ಚಿಹ್ನೆ ಪಕ್ಕಕ್ಕೆ ತಿರುಗಿದ ವಾಲ್ರಸ್ ಪ್ರಾಣಿಯ ಕಣ್ಣು ಮತ್ತು ದಾಡೆಗಳಂತೆ ಕಾಣುವುದರಿಂದ ಅದಕ್ಕೆ ‘ವಾಲ್ರಸ್’ ಎಂಬ ಹೆಸರೇ ಬಿದ್ದಿತು.

ವಿರೋಧಕ್ಕೆ ಬಲವಾದ ಕಾರಣಗಳಿದ್ದವು. ಸಿ ಭಾಷೆಯಲ್ಲಿ ಒಂದು ಸಮಚಿಹ್ನೆ ಮೌಲ್ಯ ತುಂಬುತ್ತದೆ, ಎರಡು ಸಮಚಿಹ್ನೆ ಹೋಲಿಸುತ್ತದೆ. ಒಂದರ ಬದಲು ಇನ್ನೊಂದನ್ನು ಬರೆದು ದಿನಗಟ್ಟಲೆ ಬಗ್ ಹುಡುಕಿದವರು ಎಲ್ಲ ಊರುಗಳಲ್ಲೂ ಇದ್ದಾರೆ. ಪರೀಕ್ಷೆಯ ಜಾಗದಲ್ಲಿ ಮೌಲ್ಯ ತುಂಬುವುದನ್ನೇ ನಿಷೇಧಿಸಿ ಪೈಥಾನ್ ಈ ಕಷ್ಟದಿಂದ ಕಲಿಯುವವರನ್ನು ಪಾರುಮಾಡಿತ್ತು. ಒಂದು ಕೆಲಸಕ್ಕೆ ಎದ್ದು ಕಾಣುವ ದಾರಿ ಒಂದೇ ಇದ್ದರೆ ಒಳಿತು ಎಂಬ ಸೂತ್ರವೂ ಪೈಥಾನ್ ಬಳಗದಲ್ಲಿ ಎಲ್ಲರ ಬಾಯಲ್ಲಿತ್ತು. ಆ ಸೂತ್ರಗಳನ್ನು ಬರೆದ ಟಿಮ್ ಪೀಟರ್ಸ್ ಅವರೇ ಹೊಸ ಪ್ರಸ್ತಾವದ ಸಹಲೇಖಕರಲ್ಲಿ ಒಬ್ಬರಾಗಿದ್ದರು ಎಂಬುದರಿಂದ, ಇದು ಭಾಷೆಯ ತತ್ತ್ವ ಬಲ್ಲವರ ಮತ್ತು ಅರಿಯದವರ ನಡುವಿನ ಜಗಳವಾಗಿರಲಿಲ್ಲ ಎಂಬುದು ಸ್ಪಷ್ಟ. ಒಂದೇ ಭಾಷೆಯನ್ನು ಅಷ್ಟೇ ಪ್ರೀತಿಯಿಂದ ಕಂಡವರು ಎರಡೂ ಕಡೆ ಇದ್ದರು. ತಿಂಗಳುಗಟ್ಟಲೆ, ನೂರಾರು ಇಮೇಲ್‌ಗಳಲ್ಲಿ ವಾದ ಸಾಗಿತು. ಒಮ್ಮೆ ಉತ್ತರಿಸಿದ ಆಕ್ಷೇಪವನ್ನು ಹೊಸದಾಗಿ ಬಂದವರು ಮತ್ತೆ ಎತ್ತುತ್ತಿದ್ದರು. ಕೊನೆಗೆ ಖಿಡೋ ಪ್ರಸ್ತಾವವನ್ನು ಅಂಗೀಕರಿಸಿದರು.

2018ರ ಜುಲೈ 12ರಂದು ಅವರು, ಭಾಷೆಯ ಕೋಡನ್ನು ನೇರವಾಗಿ ತಿದ್ದುವ ಅಧಿಕಾರವುಳ್ಳ ಕೋರ್ ಡೆವಲಪರ್‌ಗಳಿಗೆ ಒಂದು ಇಮೇಲ್ ಬರೆದರು. ಒಂದು ಪೆಪ್‌ಗಾಗಿ ಇಷ್ಟು ಹೋರಾಡಿ, ಕೊನೆಗೆ ಇಷ್ಟೊಂದು ಜನ ತಮ್ಮ ತೀರ್ಮಾನವನ್ನು ದ್ವೇಷಿಸುವುದನ್ನು ಕಾಣುವ ಸ್ಥಿತಿ ತಮಗೆ ಇನ್ನೆಂದೂ ಬೇಡ ಎಂದು ತಿಳಿಸಿ, ಸ್ಥಾನದಿಂದ ಹಿಂದೆ ಸರಿದರು. ಉತ್ತರಾಧಿಕಾರಿಯನ್ನು ನೇಮಿಸುವುದಿಲ್ಲವೆಂದೂ, ಪ್ರಜಾಪ್ರಭುತ್ವವೋ ಅರಾಜಕತೆಯೋ ಇನ್ನೊಂದು ಸರ್ವಾಧಿಕಾರವೋ ಒಕ್ಕೂಟವೋ, ಏನು ಮಾಡಿಕೊಳ್ಳುತ್ತೀರೆಂಬುದನ್ನು ನೀವೇ ನಿರ್ಧರಿಸಿ ಎಂದೂ ಬರೆದರು. 1994ರ ಪ್ರಶ್ನೆಗೆ ಉತ್ತರ ಹುಡುಕುವ ಸಮಯ ಬಂದಿತ್ತು. ಬಸ್ಸು ಡಿಕ್ಕಿ ಹೊಡೆಯಲಿಲ್ಲ, ಇಪ್ಪತ್ತೆಂಟು ವರ್ಷ ಭಾರ ಹೊತ್ತ ಮನುಷ್ಯ ದಣಿದಿದ್ದರು.

ಮುಂದೆ ನಡೆದದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಭಾಷೆ ಒಡೆದು ಎರಡಾಗಲಿಲ್ಲ, ಗುಂಪುಗಳು ಬೇರೆಯಾಗಲಿಲ್ಲ. ಆಡಳಿತ ಹೇಗಿರಬೇಕೆಂಬ ಪ್ರಶ್ನೆಯನ್ನೂ ಡೆವಲಪರ್‌ಗಳು ತಮಗೆ ಗೊತ್ತಿದ್ದ ಕ್ರಮದಲ್ಲಿಯೇ ಕೈಗೆತ್ತಿಕೊಂಡರು, ಅಂದರೆ ಪೆಪ್‌ಗಳನ್ನು ಬರೆದರು. ಇನ್ನೊಬ್ಬ ಸರ್ವಾಧಿಕಾರಿಯನ್ನು ಆರಿಸುವುದರಿಂದ ಹಿಡಿದು ಪೂರ್ಣ ಸಾಮುದಾಯಿಕ ತೀರ್ಮಾನದವರೆಗೆ ಏಳು ಮಾದರಿಗಳು ಚುನಾವಣೆಗೆ ನಿಂತವು. 2018ರ ಡಿಸೆಂಬರಿನ ಮತದಾನದಲ್ಲಿ ಗೆದ್ದ ಮಾದರಿಯಂತೆ, ಕೋರ್ ಡೆವಲಪರ್‌ಗಳು ಕೊನೆಯ ತೀರ್ಮಾನದ ಹೊಣೆ ಹೊರುವ ಐದು ಜನರ ಸ್ಟಿಯರಿಂಗ್ ಕೌನ್ಸಿಲನ್ನು ಆರಿಸುತ್ತಾರೆ ಮತ್ತು ಭಾಷೆಯ ಪ್ರತಿ ಹೊಸ ಆವೃತ್ತಿಯ ನಂತರ ಮರುಚುನಾವಣೆ ನಡೆಯುತ್ತದೆ. ಒಂದೇ ಕಂಪನಿಯಲ್ಲಿ ದುಡಿಯುವವರು ಇಬ್ಬರಿಗಿಂತ ಹೆಚ್ಚು ಕೌನ್ಸಿಲಿನಲ್ಲಿರುವಂತಿಲ್ಲ ಎಂಬ ನಿಯಮವೂ ಇದೆ. ಪೈಥಾನ್‌ಗೆ ದುಡಿಯುವ ಅನೇಕರ ಸಂಬಳ ದೊಡ್ಡ ಕಂಪನಿಗಳಿಂದ ಬರುವ ಈ ಕಾಲದಲ್ಲಿ ಇದು ಎಷ್ಟು ದೂರದೃಷ್ಟಿಯ ಷರತ್ತು ಎಂಬುದನ್ನು ವಿವರಿಸಬೇಕಿಲ್ಲ. 2019ರ ಮೊದಲ ಕೌನ್ಸಿಲಿಗೆ ಖಿಡೋ ಅವರೂ ಐವರಲ್ಲಿ ಒಬ್ಬರಾಗಿ ಆಯ್ಕೆಯಾದರು, ಮರುವರ್ಷ ಅದರಿಂದಲೂ ಹೊರಗುಳಿದರು.

ಗಿಲ್ ಪ್ರಶ್ನೆ ಮತ್ತೆ ಬಂದದ್ದು ಈ ಹೊಸ ವ್ಯವಸ್ಥೆಯ ಮುಂದೆ. ಪೈಥಾನ್ ತನ್ನ ನೆನಪಿನಲ್ಲಿರುವ ಪ್ರತಿ ವಸ್ತುವನ್ನು ಎಷ್ಟು ಕಡೆಯಿಂದ ಬಳಸಲಾಗುತ್ತಿದೆ ಎಂಬ ಲೆಕ್ಕ ಇಡುತ್ತದೆ ಮತ್ತು ಲೆಕ್ಕ ಸೊನ್ನೆಗೆ ಇಳಿದಾಗ ಆ ವಸ್ತುವನ್ನು ತೆಗೆದುಹಾಕುತ್ತದೆ. ಎರಡು ಥ್ರೆಡ್‌ಗಳು ಒಂದೇ ಕ್ಷಣದಲ್ಲಿ ಈ ಲೆಕ್ಕ ತಿದ್ದಿದರೆ ಎಲ್ಲವೂ ಅಯೋಮಯ. ಆದ್ದರಿಂದ ಒಂದು ಹೊತ್ತಿಗೆ ಒಂದೇ ಥ್ರೆಡ್ ಓಡಲಿ ಎಂದು, ಕೋಡನ್ನು ಓದಿ ನಡೆಸುವ ಇಡೀ ಇಂಟರ್‌ಪ್ರಿಟರಿಗೆ ಒಂದೇ ಬೀಗ ಹಾಕಲಾಗಿತ್ತು. ಗ್ರೆಗ್ ಸ್ಟೈನ್ ಅವರ ಮೊದಲ ಪ್ರಯತ್ನದಲ್ಲಿ ಬೀಗ ಹೋಯಿತು, ಆದರೆ ಒಂದೇ ಥ್ರೆಡ್‌ನ ಸಾಮಾನ್ಯ ಪ್ರೋಗ್ರಾಮುಗಳ ವೇಗ ಸುಮಾರು ಅರ್ಧಕ್ಕೆ ಇಳಿಯಿತು. ಅಂಥ ಪ್ರೋಗ್ರಾಮುಗಳ ವೇಗ ಕುಗ್ಗದಿದ್ದರೆ ಮಾತ್ರ ಬದಲಾವಣೆಯನ್ನು ಸ್ವಾಗತಿಸುವೆನೆಂದು ಖಿಡೋ 2007ರಲ್ಲಿ ಬರೆದರು. ಲ್ಯಾರಿ ಹೇಸ್ಟಿಂಗ್ಸ್ ನಂತರ ನಡೆಸಿದ ಪ್ರಯತ್ನವೂ ವೇಗದ ಮಿತಿಯನ್ನು ದಾಟಲಾಗದೆ ನಿಂತಿತು. ಮೆಟಾ ಕಂಪನಿಯ ಸ್ಯಾಮ್ ಗ್ರಾಸ್ 2021ರಲ್ಲಿ ತೋರಿಸಿದ ವಿಧಾನ ಮಾತ್ರ ನಷ್ಟವನ್ನು ಸಹಿಸಬಹುದಾದ ಮಟ್ಟಕ್ಕೆ ತಂದಿತು. ಅದು 703ನೇ ಪೆಪ್ ಆಗಿ ಬಂದಾಗ ಡೆವಲಪರ್‌ಗಳ ಮುಖ್ಯ ಆತಂಕ, ಇದನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದಾಗಿತ್ತು. ಮೂವರು ಎಂಜಿನಿಯರ್‌ಗಳ ತಲಾ ಒಂದು ವರ್ಷದಷ್ಟು ದುಡಿಮೆಯನ್ನು ಒದಗಿಸುವ ಭರವಸೆಯನ್ನು ಮೆಟಾ ನೀಡಿತು. 2023ರ ಅಕ್ಟೋಬರ್‌ನಲ್ಲಿ ಕೌನ್ಸಿಲ್ ಪ್ರಸ್ತಾವವನ್ನು ಒಪ್ಪಿತು. ಆದರೆ ಒಪ್ಪಿದ ರೀತಿ ಹೊಸದು: ಮೊದಲು ಪ್ರಯೋಗ, ನಂತರ ಬೆಂಬಲ, ಆಮೇಲೆ ಬೇಕಿದ್ದರೆ ಅದೇ ಮುಖ್ಯ ರೂಪ, ಮತ್ತು ಸಮುದಾಯಕ್ಕೆ ಹೊರೆ ಮಿತಿಮೀರಿದರೆ ಹಿಂದೆಗೆಯುವ ಹಕ್ಕು. 3.14ರಲ್ಲಿ ಬೀಗವಿಲ್ಲದ ರೂಪದಲ್ಲಿ ಒಂದೇ ಥ್ರೆಡ್‌ನ ಪ್ರೋಗ್ರಾಮುಗಳ ವೇಗದ ನಷ್ಟ ಶೇ 5ರಿಂದ 10ರಷ್ಟಕ್ಕೆ ಇಳಿದಿದೆ. ಬೀಗವಿರುವ ರೂಪ ಎಂದು ನಿವೃತ್ತವಾಗುತ್ತದೆ ಎಂಬುದಕ್ಕೆ ದಿನಾಂಕ ಗೊತ್ತುಮಾಡಿಲ್ಲ.

ಹೊಸ ವ್ಯವಸ್ಥೆಯಲ್ಲಿ ನೋವಿಲ್ಲ ಎಂದಲ್ಲ. 2024ರ ಆಗಸ್ಟ್‌ನಲ್ಲಿ ಬಹಳ ಹಿರಿಯ ಕೋರ್ ಡೆವಲಪರ್ ಒಬ್ಬರನ್ನು, ಚರ್ಚೆಯಲ್ಲಿನ ನಡವಳಿಕೆಯ ಕಾರಣಕ್ಕೆ ಕೌನ್ಸಿಲ್ ಮೂರು ತಿಂಗಳು ಅಮಾನತಿನಲ್ಲಿಟ್ಟಾಗ, ಅದು ನ್ಯಾಯವೇ ಎಂಬ ಬಗ್ಗೆ ಸಮುದಾಯ ತೀವ್ರವಾಗಿ ಭಿನ್ನಾಭಿಪ್ರಾಯ ತಾಳಿತು. ಯಾರು ಹೇಗೆ ಮಾತನಾಡಬಹುದು ಎಂಬುದೂ ಈಗ ತೀರ್ಮಾನಿಸಬೇಕಾದ ವಿಷಯವೇ ಆಗಿದೆ.

ಮಾತನಾಡದೇ ಇರುವವರ ಪ್ರಶ್ನೆಯೊಂದಿದೆ. ಪೈಕಾನ್ ಇಂಡಿಯಾ ಸಮ್ಮೇಳನ ಮೊದಲು ನಡೆದದ್ದು 2009ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬ್ಯಾಂಗ್‌ಪೈಪರ್ಸ್ ಎಂಬ ಪೈಥಾನ್ ಬಳಕೆದಾರರ ಬಳಗ ಅದಕ್ಕೂ ಮೊದಲಿನಿಂದ ಈ ನಗರದಲ್ಲಿದೆ. ಪೈಥಾನ್ ಬರೆದು ಬದುಕುವವರಿಗೆ ಇಲ್ಲಿ ಕೊರತೆಯಿಲ್ಲ. ಆದರೂ 2019ರಿಂದ 2025ರವರೆಗೆ ಆಯ್ಕೆಯಾದ ಯಾವ ಕೌನ್ಸಿಲಿನಲ್ಲೂ ಭಾರತದಲ್ಲಿ ನೆಲೆಸಿದವರು ಇರಲಿಲ್ಲ. ಇದರ ಪರಿಣಾಮ ಎಲ್ಲಿ ಕಾಣುತ್ತದೆ ಎಂಬುದಕ್ಕೆ ನಮ್ಮದೇ ಒಂದು ಉದಾಹರಣೆಯಿದೆ. ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಯಾವ ಲಿಪಿಯಲ್ಲಾದರೂ ಬರೆಯಲು ಅವಕಾಶವಿರಬೇಕು ಎಂದು ಕೇಳಿದ 3131ನೇ ಪೆಪ್ 2007ರಲ್ಲಿ ಬಂತು. ಹಾಗಾದರೆ ಒಬ್ಬರ ಕೋಡನ್ನು ಇನ್ನೊಬ್ಬರು ಓದುವುದು ಹೇಗೆ ಎಂದು ಹಲವರು ಆಕ್ಷೇಪಿಸಿದರು. ಇಂಗ್ಲಿಷ್ ಚೆನ್ನಾಗಿ ಬಾರದವರೂ ಪ್ರೋಗ್ರಾಮ್ ಬರೆಯುತ್ತಾರೆ ಎಂಬ ವಾದ ಗೆದ್ದಿತು. ಪೈಥಾನ್ 3ರಲ್ಲಿ ‘ಮೊತ್ತ’ ಎಂಬ ಹೆಸರು ಸಲೀಸಾಗಿ ನಡೆಯುತ್ತದೆ. ಕನ್ನಡದ ಅಂಕಿಗಳಲ್ಲಿ ‘೧೨೩’ ಎಂದು ಪಠ್ಯ ಕೊಟ್ಟರೆ ಅದನ್ನು 123 ಎಂಬ ಸಂಖ್ಯೆಯಾಗಿ ಪರಿವರ್ತಿಸಿಯೂ ಕೊಡುತ್ತದೆ.

ಆದರೆ ‘ಫೈಲ್‌ಗಳು’ ಎಂಬ ಹೆಸರು ನಡೆಯುವುದಿಲ್ಲ. ‘ಲ್’ ಮತ್ತು ‘ಗ’ ಕೂಡಿ ಒತ್ತಕ್ಷರವಾಗದಂತೆ ನಾವು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಮಾನದಂಡದಲ್ಲಿ, ಇದೆ. ಅದನ್ನು ಕಂಡೊಡನೆ ಪೈಥಾನ್ ‘ಅಚ್ಚಾಗದ ಅಮಾನ್ಯ ಅಕ್ಷರ’ ಎಂಬ ದೋಷ ತೋರಿಸಿ ನಿಲ್ಲುತ್ತದೆ. ಆ ಚಿಹ್ನೆಯಿಲ್ಲದೆ ಬರೆದರೆ ಪದ ‘ಫೈಲ್ಗಳು’ ಎಂದಾಗುತ್ತದೆ, ಮತ್ತು ಕನ್ನಡದಲ್ಲಿ ಹಾಗೆ ಯಾರೂ ಬರೆಯುವುದಿಲ್ಲ. ಭಾರತೀಯ ಲಿಪಿಗಳಿಗೆ ಈ ಚಿಹ್ನೆಯ ಅಗತ್ಯವಿದೆಯೆಂದು ಗುರುತಿಸಿ, ಯಾವ ಸನ್ನಿವೇಶಗಳಲ್ಲಿ ಹೆಸರಿನೊಳಗೆ ಅದನ್ನು ಬಿಡಬಹುದೆಂಬುದನ್ನು ಯೂನಿಕೋಡ್ ತನ್ನ ಶಿಫಾರಸಿನಲ್ಲಿ ವಿವರಿಸಿದೆ. ಪೈಥಾನ್ ಅದನ್ನು ಅಳವಡಿಸಿಕೊಳ್ಳಬೇಕಾದರೆ ಆ ಪ್ರಸ್ತಾವವನ್ನು ಯಾರಾದರೂ ಬರೆದು, ಆಕ್ಷೇಪಗಳಿಗೆ ಉತ್ತರ ಕೊಟ್ಟು, ಕೌನ್ಸಿಲಿನ ಮುಂದಿಡಬೇಕು. ‘ಫೈಲ್ಗಳು’ ಏಕೆ ತಪ್ಪು ಎಂಬುದನ್ನು ಅಲ್ಲಿ ವಿವರಿಸಬಲ್ಲವರು ಈ ಲಿಪಿಯನ್ನು ದಿನವೂ ಓದಿ ಬರೆಯುವವರು.