ಪಂಪು ಕೈಕೊಟ್ಟಾಗ ಮೊದಲ ಲೆಕ್ಕ

ಫೀಡ್ ಟ್ಯಾಂಕಿಗೆ ಕ್ರೂಡ್ (ಕಚ್ಚಾ ತೈಲ) ಸಾಗಿಸುವ ಪಂಪು ಕೆಟ್ಟಿತು ಅಂದ ಕೂಡಲೇ ರಿಫೈನರಿಯಲ್ಲಿ ಎಲ್ಲರೂ ಕೇಳುವುದು, ರಿಪೇರಿಗೆ ಎಷ್ಟು ಹೊತ್ತು ಅಂತ. ಶೆಡ್ಯೂಲ್ ನೋಡಿಕೊಳ್ಳುವವರು ಮೊದಲು ಕೇಳಬೇಕಾದ್ದು ಬೇರೆ: ಘಟಕಕ್ಕೆ ಕ್ರೂಡ್ ಕೊಡುವ ಆ ಫೀಡ್ ಟ್ಯಾಂಕಿನಲ್ಲಿ ಇನ್ನೆಷ್ಟು ಗಂಟೆಗೆ ಸಾಲುವಷ್ಟು ಕ್ರೂಡ್ ಇದೆ?

ಟ್ಯಾಂಕಿನಲ್ಲಿ 36,000 ಘನ ಮೀಟರ್ ಇದೆ, ಕ್ರೂಡನ್ನು ಕಾಯಿಸಿ ಬೇರ್ಪಡಿಸುವ ಡಿಸ್ಟಿಲೇಷನ್ ಘಟಕ ಗಂಟೆಗೆ 1,000 ಎಳೆಯುತ್ತದೆ ಅಂದುಕೊಳ್ಳಿ. 36 ಗಂಟೆ, ಅಲ್ವಾ? ಅಲ್ಲ. ಫ್ಲೋಟಿಂಗ್ ರೂಫ್ ಟ್ಯಾಂಕನ್ನು (ಎಣ್ಣೆಯ ಮೇಲೆ ತೇಲುವ ಚಾವಣಿ ಇರುವ ಟ್ಯಾಂಕು) ತಳದವರೆಗೆ ಖಾಲಿ ಮಾಡುವಂತಿಲ್ಲ. ರೂಫಿನ ಕಾಲುಗಳು ನೆಲಕ್ಕೆ ಊರಿದರೆ ಕೆಳಗೆ ಗಾಳಿ ನುಗ್ಗಿ ಆವಿಯ ಜೊತೆ ಬೆರೆಯುತ್ತದೆ. ಆಮೇಲೆ ಬೆಂಕಿಗೆ ಒಂದು ಕಿಡಿ ಸಾಕು. ತಳದ 6,000 ಬಿಟ್ಟರೆ ಕೈಯಲ್ಲಿರುವುದು 30 ಗಂಟೆ.

ರಿಪೇರಿಯವರು 36 ಗಂಟೆ ಅಂದಿದ್ದಾರೆ. ಈಗಲೇ ಫೀಡನ್ನು, ಅಂದರೆ ಘಟಕಕ್ಕೆ ಹೋಗುವ ಕ್ರೂಡನ್ನು, ಗಂಟೆಗೆ 750ಕ್ಕೆ ಇಳಿಸಿದರೆ 40 ಗಂಟೆ ಸಿಗುತ್ತದೆ, ಬಚಾವ್. ‘ನೋಡೋಣ’ ಅಂತ 20 ಗಂಟೆ ಸುಮ್ನೆ ಕಾದು ಆಮೇಲೆ ಇಳಿಸಿದರೆ? ಉಳಿದದ್ದು 10,000, ಅದು 13 ಗಂಟೆ ಚಿಲ್ಲರೆ. ಒಟ್ಟು 33. ಅದೇ ಕಡಿತ, ಆದರೆ ಘಟಕ ನಿಲ್ಲುತ್ತದೆ. ಹಾಗಂತ ಎಷ್ಟು ಬೇಕಾದರೂ ಇಳಿಸಲು ಆಗದು. ಫೀಡ್ ತೀರಾ ಕಡಿಮೆಯಾದರೆ ಕಾಲಮ್ಮಿನ (ಕ್ರೂಡ್ ಬೇರ್ಪಡುವ ಎತ್ತರದ ಗೋಪುರ) ಟ್ರೇಗಳು ಸರಿಯಾಗಿ ಕೆಲಸ ಮಾಡುವುದಿಲ್ಲ.

ಪಕ್ಕದ ಟ್ಯಾಂಕು ತುಂಬಿದೆಯಲ್ಲ, ಅದನ್ನೇ ಕೊಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಡಗಿನಿಂದ ಈಗಷ್ಟೇ ಇಳಿಸಿದ ಕ್ರೂಡ್‌ನಲ್ಲಿ ಉಪ್ಪುನೀರು ಇರುತ್ತದೆ. ಅದು ತಳಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ದಿನ ಬಿಡಬೇಕು, ಆಮೇಲೆ ಬಸಿಯಬೇಕು. ಅವಸರ ಮಾಡಿದರೆ ಉಪ್ಪು ತೆಗೆಯುವ ಡಿಸಾಲ್ಟರ್ ತಡೆಯುವುದಿಲ್ಲ. ಉಪ್ಪು ಮುಂದಕ್ಕೆ ಹೋಗಿ, ಬಿಸಿಗೆ ಹೈಡ್ರೋಕ್ಲೋರಿಕ್ ಆಮ್ಲವಾಗಿ ಕಾಲಮ್ಮಿನ ಮೇಲ್ಭಾಗವನ್ನು ತಿನ್ನುತ್ತದೆ.

ಇನ್ನು ಕ್ರೂಡ್ ಇಳಿಸಲು ಕಾಯುತ್ತಿರುವ ಹಡಗು. ಸಾಮಾನ್ಯ ಒಪ್ಪಂದದಲ್ಲಿ ತುಂಬಲು, ಇಳಿಸಲು ಎರಡಕ್ಕೂ ಸೇರಿ 72 ಗಂಟೆ. ಮೀರಿದರೆ ಡೆಮರೇಜ್, ಅಂದರೆ ಹಡಗು ಕಾಯಿಸಿದ್ದಕ್ಕೆ ಕಟ್ಟುವ ಹಣ. ಬಿಲ್ಲು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಅದರದ್ದೇ ಚಿಂತೆ. ನನ್ನ ಪ್ರಕಾರ ಘಟಕ ನಿಲ್ಲಿಸಿ ಮತ್ತೆ ಬಿಸಿ ಮಾಡಿ ಹಳಿಗೆ ತರುವ ಖರ್ಚಿನ ಮುಂದೆ, ಹಡಗನ್ನು ಒಂದು ದಿನ ಕಾಯಿಸುವುದೇ ಹೆಚ್ಚಿನ ಸಲ ಅಗ್ಗ.

ಶೆಡ್ಯೂಲ್ ಹಾಕುವ ಸಾಫ್ಟ್‌ವೇರನ್ನು ಮೊದಲಿಂದ ಓಡಿಸಿದರೆ ಅಂದವಾದ ಹೊಸ ಪ್ಲಾನ್ ಕೊಡುತ್ತದೆ. ಕಾಗದದ ಮೇಲೆ ಲಾಭವೂ ಜಾಸ್ತಿ. ಆದರೆ ಅರ್ಧದಷ್ಟು ಟ್ಯಾಂಕುಗಳ ಕೆಲಸವನ್ನೇ ಬದಲಿಸಿರುತ್ತದೆ. ರಾತ್ರಿ ಪಾಳಿಯವರು ಅಷ್ಟು ವಾಲ್ವ್ ತಿರುಗಿಸುವಾಗ ಒಂದು ತಪ್ಪಾದರೂ ಎರಡು ಬಗೆಯ ಕ್ರೂಡ್ ಬೆರೆತುಹೋಗುತ್ತದೆ. ಮುಂದಿನ ಪಾಳಿಯ ಪ್ಲಾನ್ ಮುಟ್ಟಬೇಡ, ಪ್ರತಿ ಬದಲಾವಣೆಗೂ ಲಾಭದ ಲೆಕ್ಕದಲ್ಲಿ ದಂಡ ಹಾಕು ಅಂತ ಸಾಫ್ಟ್‌ವೇರಿಗೆ ಮೊದಲೇ ಹೇಳಿಡಿ.

ರಿಪೇರಿಯ 36 ಗಂಟೆಯನ್ನೂ ಪೂರ್ತಿ ನಂಬಬೇಡಿ. 24ನೇ ಗಂಟೆಗೂ ಬಿಡಿಭಾಗ ಬಂದಿಲ್ಲವೇ? ಪಕ್ಕದ ಟ್ಯಾಂಕಿನ ನೀರು ಬಸಿಯಲು ಹೇಳಿ, ಸ್ಯಾಂಪಲ್ ಲ್ಯಾಬಿಗೆ ಕಳಿಸಿ.