ಮತ್ತಿ ಮರದ ಅಲೆ, ಗಿಟಾರಿನ ಮೈ

ಮತ್ತಿ ಗೋವಾದ ರಾಜ್ಯಮರ. ಕುಮಟಾ ಕಡೆಯ ನಮಗೆ ಅದು ತೊಲೆ, ಜಂತಿ, ಬಾಗಿಲ ಚೌಕಟ್ಟಿನ ಮರ. ಅಪ್ಪ ಬಡಗಿ. ಮತ್ತಿ ಹಲಗೆ ಕೆಲಸಕ್ಕೆ ಬಂತೆಂದರೆ ಮೊದಲು ಸಾಣೆಕಲ್ಲು ಹಿಡಿದು ಕೂರುತ್ತಿದ್ದರು, ಯಾಕೆಂದರೆ ಆ ಮರ ಉಳಿಯ ಬಾಯನ್ನು ಅಷ್ಟು ಬೇಗ ಮೊಂಡು ಮಾಡುತ್ತದೆ. ಈಗ ಮಡಗಾಂವ್ ಹತ್ತಿರದ ನನ್ನ ಶೆಡ್ಡಿನಲ್ಲಿ ಅದೇ ಮರವನ್ನು 6 ಮಿಲಿಮೀಟರ್ ದಪ್ಪಕ್ಕೆ ಇಳಿಸಿ ಎಲೆಕ್ಟ್ರಿಕ್ ಗಿಟಾರಿನ ಮೇಲ್ಹಲಗೆ ಮಾಡುತ್ತೇನೆ. ನೋಡಿದವರು ಮೊದಲು ಕೇಳುವುದು, ಯಾವ ಪಾಲಿಶ್ ಹಾಕಿದ್ದೀರಿ, ರೇಷ್ಮೆ ಸೀರೆ ಥರ ಮಿಂಚುತ್ತಿದೆಯಲ್ಲ ಅಂತ.

ಮಿಂಚು ಪಾಲಿಶಿನದ್ದಲ್ಲ, ನಾರಿನದ್ದು. ಸಾಮಾನ್ಯವಾಗಿ ಮರದ ನಾರು ಬುಡದಿಂದ ತುದಿಗೆ ನೆಟ್ಟಗೆ ಹೋಗುತ್ತದೆ. ಕೆಲವು ಮರಗಳಲ್ಲಿ ಅದು ಅಲೆಅಲೆಯಾಗಿ ಬೆಳೆದಿರುತ್ತದೆ. ಗರಗಸ ಆ ಅಲೆಗಳನ್ನು ಸೀದಾ ಸೀಳಿದಾಗ ಒಂದು ಕಡೆ ನಾರಿನ ಪಕ್ಕೆ ಮೇಲೆ ಬರುತ್ತದೆ, ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ಅದರ ಪಕ್ಕದಲ್ಲೇ ನಾರಿನ ಕಡಿದ ತುದಿ ಮೇಲೆ ಬರುತ್ತದೆ, ಅದು ಬೆಳಕನ್ನು ನುಂಗುತ್ತದೆ. ಬೆಳ್ಳಗೊಂದು ಪಟ್ಟೆ, ಕಪ್ಪಗೊಂದು ಪಟ್ಟೆ. ಗಿಟಾರ್ ಓರೆ ಮಾಡಿದರೆ ಪಟ್ಟೆಗಳು ಜಾಗ ಬದಲಿಸುತ್ತವೆ. ಈ ಕೆಲಸದ ಸೊಗಸೆಲ್ಲ ಇಲ್ಲಿದೆ, ಕಷ್ಟವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ನಾರು ನೆಟ್ಟಗಿಲ್ಲ, ಅಷ್ಟೇ.

ಹೊರದೇಶದಲ್ಲಿ ಇದಕ್ಕೆ ಹೆಸರಾದ ಮರ ಮೇಪಲ್. ಹುಲಿಪಟ್ಟೆಯಂಥದ್ದನ್ನು ಫ್ಲೇಮ್ ಅನ್ನುತ್ತಾರೆ, ನೀರ ಗುಳ್ಳೆಗಳು ಒತ್ತೊತ್ತಾಗಿ ನಿಂತಂತೆ ಕಾಣುವುದು ಕ್ವಿಲ್ಟ್. ಫ್ಲೇಮ್ ಚೆನ್ನಾಗಿ ಕಾಣಬೇಕಾದರೆ ದಿಮ್ಮಿಯ ನಡುವಿನಿಂದ ತೊಗಟೆಯ ಕಡೆಗೆ ಸೀಳಬೇಕು. ಕ್ವಿಲ್ಟ್ ಕಾಣಬೇಕಾದರೆ ತೊಗಟೆಗೆ ಸಮಾನಾಂತರವಾಗಿ ಸೀಳಬೇಕು. ಅದೇ ದಿಮ್ಮಿಯನ್ನು ತಪ್ಪು ದಿಕ್ಕಿನಲ್ಲಿ ಸೀಳಿದರೆ ಅಲೆ ಒಳಗೇ ಉಳಿಯುತ್ತದೆ, ಕೈಗೆ ಬರುವುದು ಸಾದಾ ಹಲಗೆ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್ 1952ರಲ್ಲಿ ಬಂದಾಗ ಮಹಾಗನಿ ಒಡಲ ಮೇಲೆ ಮೇಪಲ್ ಹಲಗೆ ಇತ್ತು, ಆದರೆ ಮೇಲೆ ಚಿನ್ನದ ಬಣ್ಣ ಬಳಿದಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. 1958ರಲ್ಲಿ ಅದನ್ನು ಒಳಗಿನ ಮರ ಕಾಣುವ ಸನ್‌ಬರ್ಸ್ಟ್ ಬಣ್ಣಕ್ಕೆ ಬದಲಿಸಿದರು. 1960ರವರೆಗಿನ ಆ ಗಿಟಾರುಗಳೇ ಇವತ್ತಿನ ಈ ಹುಚ್ಚಿಗೆಲ್ಲ ಮೂಲ.

ನಾನು ಮೇಪಲ್ ಕೂಡ ಬಳಸುತ್ತೇನೆ. ಆದರೆ ಗಿರಾಕಿ ಒಪ್ಪಿದರೆ ನನ್ನ ಮೊದಲ ಆಯ್ಕೆ ಮತ್ತಿಯೇ. ಕಾಫಿ ಬಣ್ಣ, ಅದರೊಳಗೆ ಕಪ್ಪು ಗೆರೆ, ಅದೃಷ್ಟ ಇದ್ದರೆ ಅಡ್ಡಕ್ಕೆ ಅಲೆ. ಎಲ್ಲ ಮತ್ತಿಯಲ್ಲೂ ಇದು ಸಿಗುವುದಿಲ್ಲ. ಹಸಿಮರ ತಂದು ಒಣಗಿಸುವುದು ದೊಡ್ಡ ತಲೆನೋವು, ಮೈಯೆಲ್ಲ ಬಿರುಕು ಬಿಡುತ್ತದೆ. ಕಾಡಿನಲ್ಲಿ ಮತ್ತಿಯ ಕಾಂಡ ನೀರು ಹಿಡಿದಿಟ್ಟುಕೊಳ್ಳುವುದನ್ನು ನಮ್ಮ ಕಡೆಯವರು ನೋಡಿಯೇ ಇರುತ್ತಾರೆ, ಅಲ್ವಾ? ಜೊತೆಗೆ ಕಾನೂನು ಬೇರೆ ಇದೆ. ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮದೇ ಜಾಗದ ಮರವನ್ನೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ದಾಂಡೇಲಿ, ಕಿರವತ್ತಿಯ ಅರಣ್ಯ ಇಲಾಖೆ ಡಿಪೋಗಳಲ್ಲಿ ಹರಾಜಿನಲ್ಲಿ ಕೊಂಡರೆ ಗಡಿ ದಾಟಿಸಲು ಪಾಸ್ ಬೇಕು. ಅದಕ್ಕೇ ನಾನು ಹಳೇ ಮನೆ ಕೆಡವುವ ಕಡೆ ಹೋಗುತ್ತೇನೆ. ಅಟ್ಟದ ತೊಲೆ ಅಷ್ಟು ವರ್ಷ ಒಲೆ ಹೊಗೆ ಕುಡಿದು ಒಣಗಿರುತ್ತದೆ. ಮಾರುವವರ ಹತ್ತಿರ ಮನೆಯ ಕಾಗದಪತ್ರ ಮಾತ್ರ ಕೇಳಿ ಇಟ್ಟುಕೊಳ್ಳಿ.

ಹಳೇ ತೊಲೆಯಲ್ಲಿ ಮೊಳೆ ಇರುತ್ತದೆ. ಮೆಟಲ್ ಡಿಟೆಕ್ಟರ್ ಕೈಗೆ ಬರುವ ಮೊದಲು ಬ್ಯಾಂಡ್‌ಸಾ, ಅಂದರೆ ಪಟ್ಟಿ ಗರಗಸದ ಎರಡು ಬ್ಲೇಡ್ ಕಳೆದುಕೊಂಡಿದ್ದೇನೆ. ಕಣ್ಣಿಗೂ ಸುಳಿವು ಸಿಗುತ್ತದೆ, ಕಬ್ಬಿಣ ಮತ್ತು ಮರದ ಒಗರು ಸೇರಿ ಮೊಳೆಯ ಸುತ್ತ ನೀಲಿಗಪ್ಪು ಕಲೆ ಆಗಿರುತ್ತದೆ. ಆ ಕಲೆ ಕಂಡ ಕಡೆ ಗರಗಸ ಹಾಕಬೇಡಿ.

ಮತ್ತಿ ತೂಕದ ಮರ. ಒಣಗಿದ ಮೇಲೂ ಒಂದು ಘನ ಮೀಟರಿಗೆ 850 ಕಿಲೋ ಹತ್ತಿರ. ಇಡೀ ಗಿಟಾರ್ ಅದರಲ್ಲೇ ಮಾಡಿದರೆ ಎರಡು ಗಂಟೆ ಹೆಗಲಿಗೆ ಹಾಕಿಕೊಂಡು ನಿಲ್ಲಲು ಆಗುವುದಿಲ್ಲ. ಅದಕ್ಕೇ ಮೇಲೆ ತೆಳು ಮತ್ತಿ, ಕೆಳಗೆ ಹಗುರ ಒಡಲು. ಒಡಲಿಗೆ ನಾನು ತುನ್ ಮರ ಬಳಸುತ್ತೇನೆ. ಮಿರಜದಲ್ಲಿ ಸಿತಾರ್, ತಂಬೂರಿ ಮಾಡುವವರು ತಲೆಮಾರುಗಳಿಂದ ಬಳಸುವ ಮರವೇ ಇದು. ಮಹಾಗನಿಯ ಕುಟುಂಬಕ್ಕೇ ಸೇರಿದ್ದು, ಕೆಂಪು ಬಣ್ಣ, ಹಗುರ, ಉಳಿಗೆ ಬೆಣ್ಣೆ. ಹಲಸು, ಶಿವಣೆ ಕೂಡ ಆಗುತ್ತವೆ.

ಇನ್ನು ತೇವದ ವಿಷಯ. ಇದೊಂದನ್ನು ನಿಧಾನವಾಗಿ ಓದಿ. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ನಮ್ಮಲ್ಲಿ ಜುಲೈ, ಆಗಸ್ಟಿನಲ್ಲಿ ಮರದ ಒಳಗಿನ ತೇವ ಸುಮ್ನೆ ಬಿಟ್ಟರೆ ಶೇ. 15 ದಾಟುತ್ತದೆ. ಬೆಂಗಳೂರಿನ ಮಾರ್ಚ್ ಬಿಸಿಲಿನಲ್ಲಿ ಅದೇ ಮರ ಶೇ. 9ಕ್ಕೂ ಕೆಳಗೆ ಹೋಗಬಹುದು. ಅಷ್ಟು ಇಳಿದರೆ 13 ಇಂಚು ಅಗಲದ, ಫ್ಲೇಮ್ ಕಾಣುವಂತೆ ಸೀಳಿದ ಗಟ್ಟಿ ಮೇಪಲ್ ಹಲಗೆ 3 ಮಿಲಿಮೀಟರಿನಷ್ಟು ಕುಗ್ಗಲು ನೋಡುತ್ತದೆ. ಕೆಳಗಿನ ಒಡಲು ಅಷ್ಟು ಕುಗ್ಗುವುದಿಲ್ಲ. ಮೇಲಿನದು ಎಳೆಯುತ್ತದೆ, ಕೆಳಗಿನದು ಬಿಡುವುದಿಲ್ಲ. ಆಗ ಸೋಲುವುದು ಮೇಲ್ಹಲಗೆಯ ಎರಡು ತುಂಡುಗಳು ಕೂಡುವ ನಡುವಿನ ಜೋಡಣೆ.

ನನಗೆ ಇದು ಹೇಗೆ ಗೊತ್ತಾಯಿತೆಂದರೆ, ಶುರುವಿನ ದಿನಗಳಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬನಿಗೆ ಆಗಸ್ಟಿನಲ್ಲಿ ಗಿಟಾರ್ ಮಾಡಿಕೊಟ್ಟೆ. ಅವನು ಆಗ ಕಲಂಗುಟ್‌ನ ಹೋಟೆಲೊಂದರಲ್ಲಿ ನುಡಿಸುತ್ತಿದ್ದ. ಡಿಸೆಂಬರ್ ಸೀಸನ್ ಮುಗಿಸಿ ಬೆಂಗಳೂರಿಗೆ ಹೋದ. ಮಾರ್ಚಿನಲ್ಲಿ ಫೋಟೋ ಕಳಿಸಿದ. ತಂತಿಗಳು ಕೂರುವ ಬ್ರಿಡ್ಜಿನ ಕೆಳಗಿಂದ ಅಂಚಿನವರೆಗೆ ನಡುಗೆರೆ ಕೂದಲೆಳೆಯಷ್ಟು ತೆರೆದಿತ್ತು. ಅವನು ಸಿಟ್ಟು ಮಾಡಲಿಲ್ಲ, ಅದು ಇನ್ನೂ ಬೇಜಾರಾಯಿತು. ಅವನು ಕೂಡಿಟ್ಟ ದುಡ್ಡು ಅದು. ಗಿಟಾರ್ ವಾಪಸ್ ತರಿಸಿ ಮೇಲ್ಹಲಗೆಯನ್ನು ಪೂರ್ತಿ ರೌಟರಿನಲ್ಲಿ (ಮರ ಕೊರೆಯುವ ಮಶೀನು) ಕೆರೆದು ತೆಗೆದು ಹೊಸದು ಹಾಕಿಕೊಟ್ಟೆ. ಅಂಟಿನ ತಪ್ಪಲ್ಲ, ಮರದ ತಪ್ಪೂ ಅಲ್ಲ. ಮಳೆಗಾಲದಲ್ಲಿ ಉಬ್ಬಿದ್ದ ಹಲಗೆಯನ್ನು ನಾನು ಹಾಗೇ ಬಂಧಿಸಿಬಿಟ್ಟಿದ್ದೆ.

ಅಲ್ಲಿಂದ ಈಚೆಗೆ ಹಲಗೆಗಳು ಒಂದು ಸಣ್ಣ ಕೋಣೆಯಲ್ಲಿರುತ್ತವೆ. ಡಿಹ್ಯುಮಿಡಿಫೈಯರ್ ಇದೆ, ಗಾಳಿಯ ತೇವ ಶೇ. 50–55ರಲ್ಲಿ ನಿಲ್ಲುತ್ತದೆ, ಮರ ಶೇ. 10ರ ಆಸುಪಾಸಿಗೆ ಬರುತ್ತದೆ. ನಡುವೆ ಪಟ್ಟಿ ಕೊಟ್ಟು ಜೋಡಿಸಿಡಬೇಕು, ಎರಡೂ ಮುಖಕ್ಕೆ ಗಾಳಿ ಆಡಬೇಕು. ತೇವ ಅಳೆಯುವ ಮೀಟರ್ ಇಲ್ಲದವರು ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ವಾರಕ್ಕೊಮ್ಮೆ ತೂಗಿ, ಹಲಗೆಯ ಮೇಲೇ ಪೆನ್ಸಿಲಿನಲ್ಲಿ ತಾರೀಕು, ಗ್ರಾಂ ಬರೆಯಿರಿ. ಮೂರು ವಾರ ಅಂಕಿ ಬದಲಾಗದಿದ್ದರೆ ಮರ ಸಿದ್ಧ. ಅಮೆರಿಕದಿಂದ ಬಂದ ಮೇಪಲ್ ಇದಕ್ಕೆ ಉಲ್ಟಾ, ಅದು ತೀರಾ ಒಣಗಿ ಬಂದಿರುತ್ತದೆ, ನಮ್ಮ ಗಾಳಿಯಲ್ಲಿ ತೂಕ ಏರುತ್ತದೆ. ಅದಕ್ಕೂ ಅಷ್ಟೇ ಕಾಯಬೇಕು. ಪಾರ್ಸೆಲ್ ಬಿಚ್ಚಿದ ದಿನವೇ ಗರಗಸ ಹಚ್ಚುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ಇಂಚಿನ ಹಲಗೆಯನ್ನು ನಿಲ್ಲಿಸಿ ದಪ್ಪದ ನಡುವೆ ಸೀಳಿ, ಪುಸ್ತಕ ತೆರೆದಂತೆ ಬಿಡಿಸಿದರೆ ಎಡಬಲ ಕನ್ನಡಿಯಂತೆ ಕಾಣುತ್ತವೆ. ಇದನ್ನು ಬುಕ್‌ಮ್ಯಾಚ್ ಅನ್ನುತ್ತಾರೆ. ಬ್ಲೇಡ್ ಅಗಲ ಇರಬೇಕು, ಹಲ್ಲು ದೂರದೂರ ಇರಬೇಕು, ಇಂಚಿಗೆ ಮೂರು ಸಾಕು. ಸೀಳುವಾಗ, ಆಮೇಲೆ ಮಟ್ಟ ಮಾಡುವಾಗ ಮರ ಜಾಸ್ತಿ ಹೋದಷ್ಟೂ ಎರಡು ಬದಿಯ ಪಟ್ಟೆಗಳು ಒಂದಕ್ಕೊಂದು ಕೂಡುವುದಿಲ್ಲ, ಯಾಕೆಂದರೆ ಅಲೆ ಒಳಗೆ ಓಡುತ್ತಿರುತ್ತದೆ. ಪಟ್ಟೆ ಪೂರ್ತಿ ಕೂಡಿದರೂ ಒಂದು ವಿಚಿತ್ರ ಉಳಿಯುತ್ತದೆ. ಒಂದು ಹಲಗೆ ಮಗುಚಿದ್ದರಿಂದ ಅಲೆಯ ಓರೆಯೂ ಮಗುಚಿರುತ್ತದೆ, ಎಡದಲ್ಲಿ ಬೆಳ್ಳಗಿದ್ದ ಪಟ್ಟೆ ಬಲದಲ್ಲಿ ಕಪ್ಪಗೆ ಕಾಣಬಹುದು. ಗಿರಾಕಿಗಳು ಇದನ್ನು ದೋಷ ಅಂದುಕೊಳ್ಳುತ್ತಾರೆ. ಕಿಟಕಿಯ ಮುಂದೆ ಗಿಟಾರ್ ತಿರುಗಿಸಿ ತೋರಿಸಿದರೆ ಅರ್ಥವಾಗುತ್ತದೆ.

ಜೋಡಿಸುವ ಅಂಚುಗಳನ್ನು ಉದ್ದ ತೋಪಡದಲ್ಲಿ ಒಟ್ಟಿಗೆ ಹೊಡೆದು, ಎದುರುಬದುರು ಇಟ್ಟು ಬೆಳಕಿಗೆ ಹಿಡಿಯುತ್ತೇನೆ. ಬೆಳಕು ಎಲ್ಲೂ ತೂರಬಾರದು. ಅಂಟು ಹಾಕಿ ಕ್ಲ್ಯಾಂಪ್ ಬಿಗಿದ ಮೇಲೆ ಒಂದು ವಾರ ಅದನ್ನು ಮುಟ್ಟುವುದಿಲ್ಲ. ಅಂಟಿನಲ್ಲಿ ನೀರಿದೆ, ಆ ನೀರು ಕುಡಿದು ಗೆರೆಯ ಅಕ್ಕಪಕ್ಕದ ಮರ ಸ್ವಲ್ಪ ಉಬ್ಬಿರುತ್ತದೆ. ಉಬ್ಬಿದಾಗಲೇ ಮಟ್ಟ ಮಾಡಿದರೆ ಆಮೇಲೆ ಒಣಗಿ ಗೆರೆಯುದ್ದಕ್ಕೂ ಸಣ್ಣ ತಗ್ಗು ಬೀಳುತ್ತದೆ. ಪಾಲಿಶ್ ಆದಮೇಲೆ ಅದು ಎದ್ದು ಕಾಣುತ್ತದೆ, ಸರಿಮಾಡಲು ಆಗುವುದಿಲ್ಲ.

ಮಟ್ಟ ಮಾಡುವಾಗಲೇ ನೆಟ್ಟಗಿಲ್ಲದ ನಾರು ಸೇಡು ತೀರಿಸಿಕೊಳ್ಳುವುದು. ಪ್ಲೇನರ್ ಮಶೀನಿಗೆ ಕೊಟ್ಟರೆ ಅಲೆಯ ಇಳಿಜಾರಿನಲ್ಲಿ ಚೆನ್ನಾಗಿ ಹೋಗುತ್ತದೆ, ಏರಿನಲ್ಲಿ ಸಿಬಿರು ಕಿತ್ತುಕೊಂಡು ಬರುತ್ತದೆ, ಹೀಗೆ ಪ್ರತಿ ಪಟ್ಟೆಗೂ ಒಂದು ಗುಂಡಿ. ಯಾವ ಕಡೆಯಿಂದ ಹೊಡೆದರೂ ಅರ್ಧ ಹಲಗೆ ಎದುರೇ ಆಗುತ್ತದೆ. ಡ್ರಮ್ ಸ್ಯಾಂಡರ್ ಇದ್ದವರು ಪುಣ್ಯವಂತರು. ಇಲ್ಲದಿದ್ದರೆ ತೋಪಡದ ಅಲಗನ್ನು ಮಾಮೂಲಿಗಿಂತ ಜಾಸ್ತಿ ನಿಲುವಾಗಿ ಇಡಬೇಕು, 55 ಡಿಗ್ರಿ ಹತ್ತಿರ, ಮತ್ತೆ ತೀರಾ ತೆಳುವಾಗಿ ತೆಗೆಯಬೇಕು. ಕೊನೆಗೆ ಸ್ಕ್ರೇಪರ್. ಹಳೇ ಕೈಗರಗಸದ ತಗಡು ಕತ್ತರಿಸಿ, ಅಂಚು ಮಡಿಸಿ ಅಪ್ಪ ಮಾಡಿಕೊಟ್ಟದ್ದನ್ನೇ ಇನ್ನೂ ಬಳಸುತ್ತಿದ್ದೇನೆ. ಅದರಿಂದ ಬರುವುದು ಹುಡಿಯಲ್ಲ, ಈರುಳ್ಳಿ ಸಿಪ್ಪೆಯಂಥ ಸುರುಳಿ. ಹುಡಿ ಬರುತ್ತಿದ್ದರೆ ಅಂಚು ಹೋಗಿದೆ ಅಂತ.

ಮೇಲ್ಹಲಗೆಯನ್ನು ಒಡಲಿಗೆ ಅಂಟಿಸುವಾಗ ಕ್ಲ್ಯಾಂಪ್ ಬಿಗಿದಂತೆ ಹಲಗೆ ಜಾರುತ್ತದೆ, ನಡುಗೆರೆ ಓರೆಯಾಗುತ್ತದೆ. ಎರಡು ಸಣ್ಣ ಮೊಳೆಗಳನ್ನು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಕೂರುವ ಗುಂಡಿ ಬರುವ ಜಾಗದಲ್ಲಿ ಹೊಡೆದುಕೊಳ್ಳಿ. ಗುಂಡಿ ಕೊರೆಯುವ ಮೊದಲು ಕೀಳಿ, ತೂತು ಮರದ ಜೊತೆಯೇ ಹೋಗುತ್ತದೆ. 6 ಮಿಲಿಮೀಟರ್ ಹಲಗೆಗೆ ನೀರಿನ ಅಂಟು ದಪ್ಪಗೆ ಬಳಿದರೆ ದೋಣಿಯಂತೆ ಮೇಲೇಳುತ್ತದೆ, ಅದಕ್ಕೆ ಇಲ್ಲಿ ನಾನು ಎಪಾಕ್ಸಿ ಬಳಸುತ್ತೇನೆ. ಮೇಲೆ 18 ಮಿಲಿಮೀಟರ್ ಪ್ಲೈವುಡ್ ಇಟ್ಟು ಸುತ್ತಲೂ ಕ್ಲ್ಯಾಂಪ್. ಒಟ್ಟು ದಪ್ಪ 44–45 ಮಿಲಿಮೀಟರ್ ಮೀರದಂತೆ ಒಡಲನ್ನು ಮೊದಲೇ 38ಕ್ಕೆ ಇಳಿಸಿರಬೇಕು. ಹಿಂದಿನಿಂದ ಕಂಟ್ರೋಲ್ ಗುಂಡಿ ಕೊರೆಯುವಾಗಲೂ ಲೆಕ್ಕ ತಪ್ಪಬೇಡಿ. ಧ್ವನಿ ಏರಿಸಿ ಇಳಿಸುವ ವಾಲ್ಯೂಮ್ ಪಾಟ್‌ನ ಕತ್ತು 9–10 ಮಿಲಿಮೀಟರ್ ಮಾತ್ರ, ಮೇಲೆ ಮರ 5ಕ್ಕಿಂತ ಜಾಸ್ತಿ ಉಳಿದರೆ ನಟ್ಟು ಸರಿಯಾಗಿ ಹಿಡಿಯುವುದಿಲ್ಲ.

ಮೇಪಲ್‌ಗೆ ಬಣ್ಣ ಕೊಡುವ ಉಪಾಯ ನನಗೆ ತುಂಬಾ ಇಷ್ಟ. ಮೊದಲು ಸ್ಪಿರಿಟ್‌ನಲ್ಲಿ ಕರಗಿಸಿದ ಕಪ್ಪು ಬಣ್ಣ ಬಳಿಯಿರಿ. ನೋಡಲು ಭಯವಾಗುತ್ತದೆ, ಅಷ್ಟು ಕಪ್ಪು. ನಾರಿನ ಕಡಿದ ತುದಿಗಳು ಬಣ್ಣವನ್ನು ಆಳಕ್ಕೆ ಎಳೆದುಕೊಳ್ಳುತ್ತವೆ, ಪಕ್ಕೆಗಳು ಮೇಲ್ಮೇಲೆ ಮಾತ್ರ. 320 ನಂಬರ್ ಕಾಗದದಿಂದ ಉಜ್ಜಿದರೆ ಮೇಲಿನದು ಹೋಗಿ ಆಳದ್ದು ಉಳಿಯುತ್ತದೆ, ಪಟ್ಟೆಗಳು ಬಿಡಿಸಿ ಬರೆದಂತೆ ಕಾಣುತ್ತವೆ. ಅದರ ಮೇಲೆ ಜೇನುಬಣ್ಣವೋ ಕೆಂಪೋ. ಎಲ್ಲೋ ಒಂದು ಹನಿ ಅಂಟು ಒರೆಸದೆ ಬಿಟ್ಟಿದ್ದರೆ ಅಲ್ಲಿ ಬಣ್ಣ ಹಿಡಿಯದೆ ಬಿಳಿ ಮಚ್ಚೆ ಆಗುತ್ತದೆ. ಅದೇ ಹಲಗೆಯ ತುಂಡಿನ ಮೇಲೆ ಪರೀಕ್ಷೆ ಮಾಡದೆ ಬಣ್ಣ ಮುಟ್ಟಲೇಬೇಡಿ. ಮತ್ತಿಗೆ ಇದ್ಯಾವುದೂ ಬೇಡ. ಅದರ ರಂಧ್ರಗಳು ದೊಡ್ಡವು, ಅವನ್ನು ಗ್ರೇನ್ ಫಿಲ್ಲರ್‌ನಿಂದ ತುಂಬಿಸಿದರೆ ಆಯಿತು.

ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಸ್ಪ್ರೇ ಮಾಡುವುದಿಲ್ಲ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ. ನಿಧಾನಕ್ಕೆ ಆರುವ ರಿಟಾರ್ಡರ್ ಬೆರೆಸಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಅಂಥ ಹವೆಗೆ ಒಡ್ಡಲು ನನಗೆ ಮನಸ್ಸು ಬರುವುದಿಲ್ಲ.

ಧ್ವನಿ? ನೇರವಾಗಿ ಹೇಳುತ್ತೇನೆ, 6 ಮಿಲಿಮೀಟರ್ ಅಲೆಮರದಿಂದ ನಾದ ಬದಲಾಯಿತು ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಕಂಪನವನ್ನು. ಪಿಕಪ್, ತಂತಿ, ಬ್ರಿಡ್ಜ್, ಕತ್ತು ಒಡಲಿಗೆ ಕೂರುವ ಬಿಗಿ, ಇವು ಕಿವಿಗೆ ತಿಳಿಯುವಷ್ಟು ವ್ಯತ್ಯಾಸ ಮಾಡುತ್ತವೆ. ಬಜೆಟ್ ಕಡಿಮೆ ಇದ್ದ ಹುಡುಗರು ಬಂದರೆ ಸಾದಾ ತುನ್ ಮೈ ಮಾಡಿಸಿ, ಉಳಿದ ದುಡ್ಡಲ್ಲಿ ಒಳ್ಳೇ ಪಿಕಪ್ ಹಾಕಿಸಿ ಅಂತಲೇ ಹೇಳುತ್ತೇನೆ. ಅಲೆ ಇರುವುದು ಕಣ್ಣಿಗೆ. ಅದು ಸಣ್ಣ ಮಾತಲ್ಲ. ಚೆಂದ ಕಂಡ ವಾದ್ಯವನ್ನು ಮನುಷ್ಯ ಜಾಸ್ತಿ ಸಲ ಕೈಗೆತ್ತಿಕೊಳ್ಳುತ್ತಾನೆ.

ಈಗ ಕೋಣೆಯಲ್ಲಿ ಅಂಕೋಲಾದ ಹಳೇ ಮನೆಯೊಂದರ ತೊಲೆಯಿಂದ ಸೀಳಿದ ಒಂದು ಜೊತೆ ಇದೆ. ಎಡದ್ದು ಹೋದ ವಾರ 771 ಗ್ರಾಂ, ಈ ಭಾನುವಾರ 768. ಇನ್ನೂ ಇಳಿಯುತ್ತಿದೆ. ಗಿರಾಕಿಗೆ ಫೋನ್ ಮಾಡಿ ಇನ್ನೊಂದು ತಿಂಗಳು ಬೇಕು ಅಂದಿದ್ದೇನೆ.